ಸ್ವಂತ ಸರ್ವರ್‌ನಲ್ಲಿ ಖಾಸಗಿ ಕಂಟೇನರ್ ರಿಜಿಸ್ಟ್ರಿ (ಡಾಕರ್ ಇಮೇಜ್‌ಗಳನ್ನು, ಅಂದರೆ ಆ್ಯಪ್‌ನ ಸಿದ್ಧ ಪ್ಯಾಕೇಜ್‌ಗಳನ್ನು ಇಡುವ ಜಾಗ) ಹಾಕಿದ್ದೇನೆ, ಬೇರೆ ಮೆಷೀನ್‌ನಿಂದ ಅದಕ್ಕೆ ಇಮೇಜ್ ಪುಶ್ ಆಗುತ್ತಿಲ್ಲ. ಯಾಕೆ?

ಲೋಕಲ್‌ಹೋಸ್ಟ್ (ಅದೇ ಮೆಷೀನ್) ಬಿಟ್ಟು ಬೇರೆಲ್ಲ ಕಡೆ ಡಾಕರ್ ಎಚ್‌ಟಿಟಿಪಿಎಸ್ (ಎನ್‌ಕ್ರಿಪ್ಟ್ ಆದ ಸಂಪರ್ಕ) ಕೇಳುತ್ತದೆ, ಅದಕ್ಕೇ. ರಿಜಿಸ್ಟ್ರಿಯನ್ನು ಡಾಕರ್‌ನ 'ಇನ್‌ಸೆಕ್ಯೂರ್' ಪಟ್ಟಿಗೆ ಸೇರಿಸಿ ದಾಟಿಕೊಳ್ಳಬಹುದು, ಆದರೆ ದಯವಿಟ್ಟು ಬೇಡ. ಕಳಿಸಿದ್ದೆಲ್ಲ ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ರಿಜಿಸ್ಟ್ರಿಯ 5000ನೇ ಪೋರ್ಟ್‌ನ ಮುಂದೆ ಎಂಜಿನ್‌ಎಕ್ಸ್ (nginx ವೆಬ್ ಸರ್ವರ್) ಇಟ್ಟು, ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಸರ್ಟಿಫಿಕೇಟ್ ಹಾಕಿ.

ಆಮೇಲೂ ದೊಡ್ಡ ಇಮೇಜ್ ಪುಶ್ ಮಾಡಿದರೆ 413 ಎರರ್ (ಕಳಿಸಿದ್ದು ತುಂಬಾ ದೊಡ್ಡದು ಎಂದರ್ಥ) ಬರಬಹುದು. ಹೆದರಬೇಡಿ. ಎಂಜಿನ್‌ಎಕ್ಸ್ ಅನ್ನು ಸುಮ್ನೆ ಹಾಗೇ ಬಿಟ್ಟರೆ 1 ಎಂಬಿಗಿಂತ ಜಾಸ್ತಿ ಒಳಗೆ ಬಿಡುವುದಿಲ್ಲ, ಅಷ್ಟೇ. ಅದರ ಕ್ಲೈಂಟ್ ಮ್ಯಾಕ್ಸ್ ಬಾಡಿ ಸೈಜ್ (client_max_body_size) ಸೆಟ್ಟಿಂಗ್ ಅನ್ನು 0 ಮಾಡಿ, ಮಿತಿ ಹೋಗುತ್ತದೆ.

ಲಾಗಿನ್‌ಗೆ ಎಚ್‌ಟಿಪಾಸ್‌ವರ್ಡ್ (htpasswd, ಬಳಕೆದಾರರ ಹೆಸರು-ಪಾಸ್‌ವರ್ಡ್ ಇರುವ) ಫೈಲ್ ಮಾಡುವಾಗ ದೊಡ್ಡ 'ಬಿ' ಫ್ಲ್ಯಾಗ್ (-B) ಮರೆಯಬೇಡಿ, ಪಾಸ್‌ವರ್ಡ್ ಅನ್ನು ಬಿಕ್ರಿಪ್ಟ್ ವಿಧಾನದಲ್ಲಿ ಮರೆಮಾಚುವುದು ಅದೇ. ಬಿಕ್ರಿಪ್ಟ್ ಬಿಟ್ಟು ಬೇರೆ ಹ್ಯಾಶ್ ರಿಜಿಸ್ಟ್ರಿಗೆ ನಡೆಯುವುದಿಲ್ಲ. ಡೇಟಾಗೆ ಹೆಸರಿಟ್ಟ ವಾಲ್ಯೂಮ್ (ಕಂಟೇನರ್‌ನ ಹೊರಗೆ ಉಳಿಯುವ ಸಂಗ್ರಹ) ಕೊಟ್ಟಿದ್ದೀರಿ ಅಲ್ವಾ? ಇಲ್ಲದಿದ್ದರೆ ಕಂಟೇನರ್ ಅಳಿಸಿ ಹೊಸದು ಶುರು ಮಾಡಿದಾಗ ಇಮೇಜ್‌ಗಳು ಕಾಣುವುದಿಲ್ಲ.