ಆಕ್ಸಿಜನ್ ಕೊಟ್ಟು ಶ್ವಾಸಕೋಶ ಅಳೀತಾರಂತೆ, ಹೆದರ್ಕೋಬೇಕಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮದು ತೀರ್ಥಹಳ್ಳಿ ಹತ್ರ ಹಳ್ಳಿ. ಅಪ್ಪಯ್ಯಂಗೆ 68 ವರ್ಷ, ಎರಡು ವರ್ಷದಿಂದ ತೋಟದಿಂದ ಮನೆಗೆ ಹತ್ತಿ ಬರೋವಾಗ ಅರ್ಧ ದಾರೀಲೇ ಕೂತ್ಬಿಡ್ತಾರೆ. ಮೊದ್ಲು ಬೀಡಿ ಸೇದ್ತಿದ್ರು, ಈಗಿಲ್ಲ. ಜೋರಾಗಿ ಊದೋ ಟೆಸ್ಟ್ ಆಯ್ತು. ಈಗ ಆಕ್ಸಿಜನ್ ಉಸಿರಾಡ್ಸಿ ನೈಟ್ರೋಜನ್ ತೊಳೆಯೋ ಟೆಸ್ಟ್ ಅಂತ ಇನ್ನೊಂದು ಬರೆದಿದ್ದಾರೆ. ಊದಿ ಆದ್ಮೇಲೂ ಇದ್ಯಾಕೆ? ಆಕ್ಸಿಜನ್ ಅಂದ್ರೆ ಕೋವಿಡ್ ನೆನಪಾಗಿ ಅಪ್ಪಯ್ಯ ಬರೋದೇ ಇಲ್ಲ ಅಂತಿದಾರೆ.

ಉತ್ತರ: ಅಪ್ಪಯ್ಯಂಗೆ ಮೊದ್ಲು ಇದನ್ನ ಹೇಳಿ, ಇದು ಚಿಕಿತ್ಸೆ ಅಲ್ಲ, ಅಳತೆ. ಅಕ್ಕಿ ಅಳೆಯೋಕೆ ಸೇರು ಹೇಗೋ ಇಲ್ಲಿ ಆಕ್ಸಿಜನ್ ಹಾಗೆ. ಹತ್ತು ನಿಮಿಷದ ಒಳಗೆ ಮುಗಿಯುತ್ತೆ, ಸೂಜಿ ಇಲ್ಲ, ಅಡ್ಮಿಟ್ ಆಗೋದೂ ಇಲ್ಲ.

ಊದೋ ಟೆಸ್ಟ್ ಹೊರಗೆ ಬಂದ ಗಾಳೀನ ಮಾತ್ರ ಅಳೆಯುತ್ತೆ. ಆದ್ರೆ ನಾವು ಎಷ್ಟೇ ಮುಕ್ಕರಿದು ಊದಿದ್ರೂ ಒಳಗೆ ಒಂದಿಷ್ಟು ಗಾಳಿ ಉಳ್ದೇ ಉಳಿಯುತ್ತೆ, ಗಟ್ಟಿಮುಟ್ಟಾದ ಗಂಡಸಿಗೂ ಲೀಟರ್‌ಗಿಂತ ಸ್ವಲ್ಪ ಜಾಸ್ತಿನೇ ಇರುತ್ತೆ, ಅದು ಆ ಮೆಷಿನ್‌ಗೆ ಕಾಣಲ್ಲ. ಬೀಡಿ ಹೊಗೆ, ಬಚ್ಚಲೊಲೆ ಹೊಗೆ ವರ್ಷಗಟ್ಲೆ ಕುಡಿದ ಶ್ವಾಸಕೋಶದಲ್ಲಿ ಈ ಹಳೇ ಗಾಳಿ ಜಾಸ್ತಿ ಆಗ್ತಾ ಹೋಗುತ್ತೆ, ಆಮೇಲೆ ಹೊಸ ಗಾಳಿಗೆ ಜಾಗ ಎಲ್ಲಿ? ಉಬ್ಬು ಹತ್ತೋವಾಗ ದಮ್ಮು ಕಟ್ಟೋದಕ್ಕೆ ಇದೂ ಒಂದು ಕಾರಣ ಇರಬಹುದು, ಅದನ್ನ ತಿಳ್ಕೊಳ್ಳೋಕೇ ಈ ಟೆಸ್ಟ್ ಬರೆದಿರೋದು.

ಮನೇಲಿ ಅಪ್ಪೆಮಿಡಿ ಭರಣಿ ಇದೆಯಲ್ಲ, ಅದನ್ನೇ ನೋಡಿ. ಒಳಗೆ ಎಷ್ಟು ಉಪ್ಪುನೀರಿದೆ ಅಂತ ಭರಣಿ ಬಗ್ಗಿಸದೆ ಹೇಳ್ಬೇಕು ಅಂದ್ರೆ ಏನ್ಮಾಡ್ತೀರಿ? ಮೇಲಿಂದ ಸಿಹಿನೀರು ಬಿಡ್ತಾ ಹೊರಗೆ ತುಳುಕಿದ್ದನ್ನೆಲ್ಲ ಒಂದು ಹನಿ ಬಿಡದೆ ಹಿಡೀತೀರಿ, ಉಪ್ಪಿನ ರುಚಿ ಹೋಗೋ ತನಕ. ಹಿಡಿದ ನೀರಲ್ಲಿ ಒಟ್ಟು ಉಪ್ಪು ಎಷ್ಟು ಅಂತ ನೋಡಿದ್ರಾಯ್ತು, ಲೀಟರ್‌ಗೆ ಎಷ್ಟು ಉಪ್ಪು ಹಾಕಿದ್ವಿ ಅನ್ನೋದು ಮೊದ್ಲೇ ಗೊತ್ತು, ಭರಣೀಲಿ ಎಷ್ಟು ಉಪ್ಪುನೀರಿತ್ತು ಅನ್ನೋ ಲೆಕ್ಕ ಸಿಕ್ತು. ಇಲ್ಲಿ ಉಪ್ಪಿನ ಜಾಗದಲ್ಲಿ ನೈಟ್ರೋಜನ್, ಸಿಹಿನೀರಿನ ಜಾಗದಲ್ಲಿ ಆಕ್ಸಿಜನ್. ಒಳಗಿನ ಗಾಳೀಲಿ ಸುಮಾರು 80 ಪರ್ಸೆಂಟ್ ನೈಟ್ರೋಜನ್ ಅಂತ ಇಟ್ಕೊಳ್ಳಿ. ಹೊರಗೆ ಬಿಟ್ಟಿದ್ದು ಒಟ್ಟು 40 ಲೀಟರ್, ಅದ್ರಲ್ಲಿ ನೈಟ್ರೋಜನ್ 5 ಪರ್ಸೆಂಟ್ ಅಂದ್ರೆ 2 ಲೀಟರ್. 2 ಲೀಟರ್ ನೈಟ್ರೋಜನ್ ಇರ್ಬೇಕಾದ್ರೆ ಶುರುವಿಗೆ ಒಳಗಿದ್ದ ಗಾಳಿ ಎರಡೂವರೆ ಲೀಟರ್. ಮಾಮೂಲಿ ಉಸಿರು ಬಿಟ್ಟಾದ್ಮೇಲೆ ಒಳಗೆ ಉಳಿಯೋ ಗಾಳಿ ಇದು, ರಿಪೋರ್ಟ್‌ನಲ್ಲಿ ಎಫ್‌ಆರ್‌ಸಿ ಅಂತ ಬರೆದಿರ್ತಾರೆ. ಇದ್ರಿಂದ ಆಮೇಲೆ ಮುಕ್ಕರಿದು ಊದಿದಾಗ ಹೊರಗೆ ಬರೋ ಗಾಳೀನ ಕಳೆದ್ರೆ, ಆಗ್ಲೇ ಹೇಳಿದ ಆ ಹಳೇ ಗಾಳಿ ಲೆಕ್ಕ ಸಿಗುತ್ತೆ.

ಇನ್ನೊಂದು, ನೀರು ಬಿಡ್ತಾ ಇದ್ರೆ ಮಿಡಿಗಳೂ ಒಳಗಿಂದ ನಿಧಾನಕ್ಕೆ ಉಪ್ಪು ಬಿಡ್ತಾವಲ್ಲ, ಹಾಗೇ ರಕ್ತ, ಮಾಂಸಖಂಡ, ಕೊಬ್ಬಿನಿಂದಲೂ ನೈಟ್ರೋಜನ್ ಸ್ವಲ್ಪ ಬರುತ್ತೆ, ಅದನ್ನ ಲೆಕ್ಕದಲ್ಲಿ ಕಳೀತಾರೆ. ಡಾರ್ಲಿಂಗ್, ಕೂರ್ನಾಂಡ್, ರಿಚರ್ಡ್ಸ್ ಅನ್ನೋ ಮೂವರು 1940ರಲ್ಲಿ ಈ ವಿಧಾನ ಪ್ರಕಟಿಸಿದ್ರು, ಆಗ ಬಿಟ್ಟ ಗಾಳೀನೆಲ್ಲ ದೊಡ್ಡ ಪಾತ್ರೇಲಿ ಹಿಡೀತಿದ್ರು, ಈಗ ಮೆಷಿನ್ ಒಂದೊಂದು ಉಸಿರನ್ನೂ ಅಲ್ಲೇ ಅಳೆಯುತ್ತೆ.

ಮಾಡೋದು ಹೀಗೆ. ಮೂಗಿಗೆ ಕ್ಲಿಪ್, ಬಾಯಲ್ಲಿ ಪೈಪು, ಊದೋ ಟೆಸ್ಟ್ ತರ ಜೋರು ಬೇಡ, ಜಗಲೀಲಿ ಕೂತು ಉಸಿರಾಡ್ದಂಗೆ ಆಡಿದ್ರೆ ಸಾಕು. ನೈಟ್ರೋಜನ್ ಒಂದೂವರೆ ಪರ್ಸೆಂಟ್‌ಗಿಂತ ಕೆಳಗಿಳಿದು ಸತತ ಮೂರು ಉಸಿರು ಹಾಗೇ ನಿಂತ್ರೆ ಮುಗೀತು. ಒಳ್ಳೇ ಶ್ವಾಸಕೋಶ ಮೂರ್ನಾಕು ನಿಮಿಷಕ್ಕೆ ತೊಳ್ದು ಹೋಗುತ್ತೆ, ಹಾಳಾಗಿದ್ರೆ ಏಳು ನಿಮಿಷ ದಾಟೋದೂ ಇದೆ, ಆ ತಡಾನೂ ಡಾಕ್ಟ್ರಿಗೆ ಒಂದು ಸುಳಿವೇ.

ಇಲ್ಲಿ ಟೆಸ್ಟ್ ಹೆಚ್ಚಾಗಿ ಕೆಡಿಸೋದು ಲೀಕು. ನನ್ನ ಹತ್ರ ಒಬ್ರು ಅಜ್ಜಿ ಬಂದಿದ್ರು, ಅಡಿಕೆ ಸುಲಿಯೋ ಕೆಲಸ ಮಾಡ್ತಿದ್ದೋರು, ಮೆಷಿನ್‌ನಲ್ಲಿ ನೈಟ್ರೋಜನ್ ತೋರ್ಸೋ ಗೆರೆ ಚೆನ್ನಾಗಿ ಇಳೀತಾ ಇದ್ದಿದ್ದು ಇದ್ದಕ್ಕಿದ್ದಂಗೆ ಮೇಲೆ ನೆಗೀತು. ನೋಡಿದ್ರೆ ಹಲ್ಲಿನ ಸೆಟ್ ತೆಗೆದು ಸೆರಗಿನ ತುದೀಲಿ ಗಂಟು ಹಾಕ್ಕೊಂಡಿದ್ರು, ಬಾಯಿ ಬಿಗಿ ಆಗ್ದೆ ರೂಮಿನ ಗಾಳಿ ತುಟಿ ಪಕ್ಕದಿಂದ ನುಗ್ತಾ ಇತ್ತು. ಸೆಟ್ ಹಾಕ್ಸಿ, ಕಾಲು ಗಂಟೆ ಕೂರ್ಸಿ ಮತ್ತೆ ಮಾಡಿದ್ವಿ, ಸರಿ ಬಂತು. ಕಾಯದೆ ಮಾಡಿದ್ರೆ ಒಳಗೆ ಆಕ್ಸಿಜನ್ನೇ ತುಂಬಿರುತ್ತೆ, ಲೆಕ್ಕ ತಪ್ಪುತ್ತೆ. ಅಪ್ಪಯ್ಯಂಗೆ ಹಲ್ಲಿನ ಸೆಟ್ ಇದ್ರೆ, ಅದು ಬಿಗಿಯಾಗಿ ಕೂರೋದಾದ್ರೆ, ಹಾಕ್ಕೊಂಡೇ ಹೋಗ್ಲಿ.

ಒಂದು ಮಿತಿ ಇದೆ, ಹೇಳ್ಬಿಡ್ತೀನಿ. ಭರಣಿ ಮೂಲೇಲಿ ನೀರೇ ಹೋಗದ ಜಾಗದ ಉಪ್ಪು ಹೊರಗೆ ಬರಲ್ಲ. ಹಾಗೇ ಗಾಳಿ ಸಿಕ್ಕಿಹಾಕ್ಕೊಂಡಿರೋ ಭಾಗ ಈ ಟೆಸ್ಟ್‌ಗೆ ಸಿಗಲ್ಲ, ಅಳತೆ ಕಮ್ಮಿ ಬರುತ್ತೆ. ಆಗ ಗಾಜಿನ ಪೆಟ್ಟಿಗೇಲಿ ಕೂರ್ಸಿ ಮಾಡೋ ಬಾಡಿ ಬಾಕ್ಸ್ ಟೆಸ್ಟ್ ಬೇಕಾಗುತ್ತೆ, ಡಾಕ್ಟ್ರು ಅದನ್ನೂ ಮಾಡ್ಸಿ ಅಂದ್ರೆ ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಇದೇ ಟೆಸ್ಟ್ ನಮ್ಮ ಅಮ್ಮಂಗೂ ಬರೆದಿದ್ದಾರೆ, ಮನೇಲಿ ಆಕ್ಸಿಜನ್ ಮೆಷಿನ್ ಹಾಕ್ಕೋತಾರೆ. ತೊಂದ್ರೆ ಇದೆಯಾ? (ಸಾಗರದಿಂದ)

ಉತ್ತರ: ಇದನ್ನ ಲ್ಯಾಬಿನವರಿಗೆ ಮೊದ್ಲೇ ಹೇಳ್ಲೇಬೇಕು. ಆಕ್ಸಿಜನ್ ಹಾಕ್ಕೊಂಡೋರ ಒಳಗೆ ಶುರುವಿಗೇ ನೈಟ್ರೋಜನ್ ಕಮ್ಮಿ ಇರುತ್ತೆ, ಅಳತೆ ಸುಳ್ಳಾಗುತ್ತೆ. ಹಾಗಂತ ನೀವೇ ಮೆಷಿನ್ ತೆಗೆದು ಬಸ್ ಹತ್ತಿಸ್ಬೇಡಿ. ಸ್ವಲ್ಪ ಹೊತ್ತು ತೆಗೀಬಹುದಾ ಇಲ್ವಾ ಅನ್ನೋದನ್ನ ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿ ಅಲ್ಲೇ ನಿರ್ಧಾರ ಮಾಡ್ಲಿ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇದೆ ಅಂತ ಯಾವತ್ತಾದ್ರೂ ಹೇಳಿದ್ರೆ ಆ ಹಳೇ ಚೀಟೀನೂ ತಗೊಂಡು ಹೋಗಿ, ಅಂಥೋರಿಗೆ ಶುದ್ಧ ಆಕ್ಸಿಜನ್ ಕೊಡೋಕೆ ಮುಂಚೆ ಡಾಕ್ಟ್ರು ಯೋಚನೆ ಮಾಡ್ಬೇಕಾಗುತ್ತೆ.