ಓದುಗರ ಪ್ರಶ್ನೆ, ತಜ್ಞರ ಉತ್ತರ: ಕಳಚಿದ ಸೈಡ್‌ಕಾರನ್ನು ಒಬ್ಬರೇ ಸರಿಸುವುದು ಹೇಗೆ?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಅಡಿಕೆ ತೋಟದ ಮನೆ. ಅಪ್ಪನ ಹಳೇ ಬುಲೆಟ್‌ಗೆ ಸೈಡ್‌ಕಾರ್ ಇದೆ. ಅಮ್ಮನಿಗೆ ಮೊಣಕಾಲು ನೋವು. ಆಸ್ಪತ್ರೆಗೆ, ದೇವಸ್ಥಾನಕ್ಕೆ ಅದರಲ್ಲೇ ಹೋಗುವುದು. ಮಳೆಗಾಲದಲ್ಲಿ ಮಾತ್ರ ಸೈಡ್‌ಕಾರ್ ಕಳಚಿಟ್ಟು ಬರೀ ಬೈಕ್ ಓಡಿಸುತ್ತೇನೆ. ಕಳಚಿದ್ದನ್ನು ಅಂಗಳದಿಂದ ಶೆಡ್‌ಗೆ ಸಾಗಿಸಲು ಪ್ರತಿ ಸಲ ಮೂರು ನಾಲ್ಕು ಜನರನ್ನು ಕರೆಯಬೇಕು. ಅದಕ್ಕೆ ಗಾಲಿ ಇರುವ ಒಂದು ಸ್ಟ್ಯಾಂಡ್ ಮನೆಯಲ್ಲೇ ಮಾಡಿಕೊಳ್ಳಬಹುದಾ? ಅಂಗಳ ಅರ್ಧ ಸಿಮೆಂಟು, ಅರ್ಧ ಇಂಟರ್‌ಲಾಕ್. ಅಡಿಕೆ ಮರದ ದಬ್ಬೆ ಬೇಕಾದಷ್ಟಿದೆ, ಅದರಲ್ಲೇ ಆಗುತ್ತದಾ?

ಉತ್ತರ: ಸ್ಟ್ಯಾಂಡ್ ಆಗುತ್ತದೆ, ದಬ್ಬೆಯಲ್ಲಿ ಆಗುವುದಿಲ್ಲ. ದಬ್ಬೆ ಹೊರಗೆ ಕಬ್ಬಿಣದ ಹಾಗೆ ಕಂಡರೂ ಒಳಗೆ ಬರೀ ತಿರುಳು. ಬೋಲ್ಟು ಬಿಗಿದಷ್ಟೂ ತಿರುಳು ಕುಸಿಯುತ್ತದೆ, ಒಂದು ಮಳೆಗಾಲ ಕಳೆಯುವಾಗ ಗಾಲಿ ಲೊಡಲೊಡ ಎನ್ನುತ್ತದೆ. ಚಪ್ಪರಕ್ಕೋ ಬೇಲಿಗೋ ಇಟ್ಟುಕೊಳ್ಳಿ.

ಮೊದಲು ಒಂದು ವಿಷಯ ಗಮನಿಸಿ. ಸೈಡ್‌ಕಾರಿಗೆ ಒಂದು ಚಕ್ರ ಆಗಲೇ ಇದೆ. ಅದನ್ನು ಮರೆತು ಇಡೀ ಸೈಡ್‌ಕಾರನ್ನು ನಾಲ್ಕು ಗಾಲಿಯ ಹಲಗೆ ಮೇಲೆ ಕೂರಿಸಲು ಹೊರಡುವವರೇ ಜಾಸ್ತಿ. ಅಷ್ಟೆಲ್ಲ ಬೇಡ. ನಮ್ಮಲ್ಲಿ ಸೈಡ್‌ಕಾರ್ ಬೈಕಿನ ಎಡಕ್ಕೆ ಇರುತ್ತದೆ, ಅದರ ಚಕ್ರವೂ ಎಡ ತುದಿಯಲ್ಲಿ. ಕಳಚಿದಾಗ ಆಧಾರ ಇಲ್ಲದೆ ನೆಲಕ್ಕೆ ಬೀಳುವುದು ಬಲಗಡೆ, ಅಂದರೆ ಬೈಕಿಗೆ ತಾಗಿಕೊಂಡಿದ್ದ ಫ್ರೇಮಿನ ಪೈಪು. ಆ ಪೈಪಿನ ಅಡಿಗೆ ಎರಡು ಗಾಲಿ ಕೊಟ್ಟರೆ ಒಟ್ಟು ಮೂರಾಯಿತು. ಮೂರು ಕಲ್ಲಿನ ಒಲೆಯ ಹಾಗೆ, ನೆಲ ಸ್ವಲ್ಪ ಏರುತಗ್ಗು ಇದ್ದರೂ ಮೂರೂ ಊರಿ ನಿಲ್ಲುತ್ತವೆ. ನಾಲ್ಕು ಗಾಲಿ ಇಟ್ಟರೆ ನಿಮ್ಮ ಇಂಟರ್‌ಲಾಕ್ ಮೇಲೆ ಯಾವಾಗಲೂ ಒಂದು ಗಾಳಿಯಲ್ಲಿರುತ್ತದೆ.

ಇನ್ನು ಆ ಎರಡು ಗಾಲಿ ಎಲ್ಲಿ ಬರಬೇಕು ಎನ್ನುವುದು. ಕೆಲಸ ಕೆಡುವುದು ಇಲ್ಲೇ, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಎರಡನ್ನೂ ಹತ್ತಿರ ಹತ್ತಿರ ಇಟ್ಟು ಪೈಪಿನ ಮಧ್ಯಕ್ಕೆ ತಳ್ಳಿದರೆ ನೋಡಲು ಚೆನ್ನಾಗಿರುತ್ತದೆ. ಆದರೆ ಯಾರಾದರೂ ಮೂತಿಯ ಮೇಲೆ ಕೈ ಊರಿದ ಕೂಡಲೇ ಸೈಡ್‌ಕಾರ್ ಮುಗ್ಗರಿಸುತ್ತದೆ. ಮೂರು ಚಕ್ರ ಸೇರಿದರೆ ಒಂದು ತ್ರಿಕೋನ. ಅದರ ಮೊನೆ ಎಡಗಡೆ ಚಕ್ರದ ಹತ್ತಿರ, ಅಗಲ ಇರುವುದು ಬಲಗಡೆ ಮಾತ್ರ. ಸೈಡ್‌ಕಾರಿನ ಭಾರ ಬೀಳುವುದು ಇವೆರಡರ ನಡುವೆ, ಅಂದರೆ ತ್ರಿಕೋನ ಕಿರಿದಾಗುತ್ತಾ ಬರುವ ಜಾಗದಲ್ಲಿ. ಆದ್ದರಿಂದ ಬಲಗಡೆ ಗಾಲಿಗಳ ನಡುವೆ ಧಾರಾಳ ಅಂತರ ಬೇಕು.

ಆ ಜಾಗ ಹುಡುಕಲು ನಿಮ್ಮಲ್ಲಿರುವ ಸಾಮಾನೇ ಸಾಕು. ಅಡಿಕೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಇದೆ ಅಲ್ವಾ? ಅದರ ಮೇಲೆ ಕಾರಿನ ಜಾಕಿ ಇಟ್ಟು ಫ್ರೇಮಿನ ಬಲಗಡೆ ಪೈಪಿಗೆ ಕೊಡಿ. ಸೈಡ್‌ಕಾರಿನ ಚಕ್ರದ ಹಿಂದೆ ಮುಂದೆ ಎರಡೂ ಕಡೆ ಕಲ್ಲು ಕೊಡಿ. ಒಬ್ಬರು ಮೂತಿ ಹಿಡಿದುಕೊಂಡಿರಲಿ. ಪೈಪು ನೆಲದಿಂದ ಒಂದು ಇಂಚು ಎದ್ದರೆ ಸಾಕು. ಮೂತಿ ಕೆಳಗೆ ಬಂದರೆ ಇಳಿಸಿ, ಜಾಕಿಯನ್ನು ಸ್ವಲ್ಪ ಮುಂದೆ ಸರಿಸಿ. ಬಾಲ ಇಳಿದರೆ ಹಿಂದಕ್ಕೆ. ಎರಡೂ ಕಡೆ ಇಳಿಯದೆ ನಿಂತ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಆ ಗೆರೆಯಿಂದ ಚಕ್ರಕ್ಕೆ ಒಂದು ದಾರ ಎಳೆದರೆ, ಸೈಡ್‌ಕಾರಿನ ಭಾರ ಬೀಳುವುದು ಆ ದಾರದ ಮೇಲೆಯೇ. ಮುಂದಿನ ಗಾಲಿ ಗೆರೆಯಿಂದ ಕಡಿಮೆ ಎಂದರೂ ಒಂದೂವರೆ ಅಡಿ ಮುಂದೆ ಬರಲಿ, ಹಿಂದಿನದು ಅಷ್ಟೇ ಹಿಂದೆ. ಜಾಸ್ತಿ ಆದರೆ ಇನ್ನೂ ಒಳ್ಳೆಯದು.

ತಕ್ಕಡಿ ತೋರಿಸಿದ್ದರಲ್ಲಿ ಜಾಕಿಯ ತೂಕ ಕಳೆದರೆ ಬಲಗಡೆಯ ಭಾರ ಸಿಕ್ಕಿತು. ಆಮೇಲೆ ತಕ್ಕಡಿಯನ್ನು ಚಕ್ರದ ಅಡಿಗೆ ಹಾಕಿ, ಬಲಗಡೆಗೂ ಅಷ್ಟೇ ಎತ್ತರದ ಮರದ ತುಂಡು ಕೊಟ್ಟು ಎಡಗಡೆಯದನ್ನೂ ನೋಡಿ. ಎರಡೂ ಕೂಡಿಸಿದರೆ ಒಟ್ಟು ತೂಕ. ಚಕ್ರದ ಕಡೆ 48 ಕೆಜಿ, ಬಲಗಡೆ 36 ಕೆಜಿ, ಚಕ್ರದಿಂದ ಬಲಗಡೆ ಪೈಪಿಗೆ 100 ಸೆಂಟಿಮೀಟರ್ ಎಂದು ಇಟ್ಟುಕೊಳ್ಳಿ. ಭಾರದ ನಡು ಚಕ್ರದಿಂದ ಸುಮಾರು 43 ಸೆಂ.ಮೀ. ದೂರ ಎಂದಾಯಿತು. ಅಲ್ಲಿಗೆ ಬರುವಾಗ ನೀವು ಬಲಗಡೆ ಬಿಟ್ಟ ಒಂದೂವರೆ ಅಡಿಯಲ್ಲಿ ಉಳಿಯುವುದು ಹೆಚ್ಚು ಕಡಿಮೆ 20 ಸೆಂ.ಮೀ. ಮಾತ್ರ. ಅದಕ್ಕೇ ಅಂತರ ಬೇಕು ಎಂದು ಅಷ್ಟು ಹೇಳಿದ್ದು.

ಎತ್ತರವನ್ನು ಮಾತ್ರ ಸೈಡ್‌ಕಾರ್ ಬೈಕಿಗೆ ಜೋಡಿಸಿದ್ದಾಗಲೇ ಅಳೆದಿಟ್ಟುಕೊಳ್ಳಬೇಕು. ನೆಲದಿಂದ ಬಲಗಡೆ ಪೈಪಿನ ಅಡಿಯವರೆಗೆ ಎಷ್ಟಿದೆಯೋ ಅಷ್ಟೇ ಎತ್ತರಕ್ಕೆ ಸ್ಟ್ಯಾಂಡ್ ಬರಲಿ. ಆಗ ಮತ್ತೆ ಜೋಡಿಸುವಾಗ ಸ್ಟ್ಯಾಂಡ್ ಸಮೇತ ತಳ್ಳಿಕೊಂಡು ಬಂದರೆ ಬೋಲ್ಟಿನ ತೂತು ಎದುರುಬದುರು ನಿಲ್ಲುತ್ತವೆ. ಜಾಕಿಯ ಕೆಲಸ ಅರ್ಧಕ್ಕರ್ಧ ತಪ್ಪಿತು.

ಸ್ಟ್ಯಾಂಡಿಗೆ 40 ಮಿ.ಮೀ. ಚೌಕದ, 2 ಮಿ.ಮೀ. ದಪ್ಪದ ಕಬ್ಬಿಣದ ಸ್ಕ್ವೇರ್ ಪೈಪು ಸಾಕು. ಗೇಟು, ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿಯಲ್ಲಿ ತುಂಡು ಪೈಪು ಸಿಗುತ್ತದೆ, ಗುಜರಿಯಲ್ಲೂ ಹುಡುಕಬಹುದು. ಸೈಡ್‌ಕಾರಿನ ಪೈಪಿನ ಅಡಿಗೆ ಉದ್ದಕ್ಕೆ ಒಂದು, ಎರಡು ತುದಿಯಲ್ಲಿ ಗಾಲಿ ಬೋಲ್ಟು ಮಾಡಲು ದಪ್ಪ ತಗಡಿನ ಪ್ಲೇಟು, ಉದ್ದದ ಪೈಪಿನ ಮೇಲೆ ಎರಡು ಗೂಟ. ಗೂಟದ ತಲೆಗೆ ದೊಡ್ಡ ಪೈಪನ್ನು ಉದ್ದಕ್ಕೆ ಸೀಳಿದ ಅರ್ಧ ತುಂಡು ವೆಲ್ಡ್ ಮಾಡಿಸಿ. ಫ್ರೇಮಿನ ಪೈಪು ಬಂದು ಕೂರುವುದು ಅದರಲ್ಲಿ. ಒಳಗೆ ಹಳೇ ಟ್ಯೂಬಿನ ರಬ್ಬರು ಅಂಟಿಸಿದರೆ ಪೈಂಟು ಹೋಗುವುದಿಲ್ಲ. ಮೇಲಿಂದ ಯು-ಬೋಲ್ಟು ಹಾಕಿ ಬಿಗಿಯಲೇಬೇಕು. ಸುಮ್ನೆ ಕೂರಿಸಿ ತಳ್ಳಿದರೆ ಮೊದಲ ಕಲ್ಲಿಗೆ ಗಾಲಿ ತಾಗಿದಾಗ ಸ್ಟ್ಯಾಂಡ್ ಅಲ್ಲೇ ಉಳಿಯುತ್ತದೆ, ಸೈಡ್‌ಕಾರ್ ಮುಂದೆ ಹೋಗುತ್ತದೆ. ಗೂಟ ಅಡ್ಡಕ್ಕೆ ವಾಲದ ಹಾಗೆ ಬುಡದಲ್ಲಿ ಮೂಲೆಪಟ್ಟಿ ಕೊಡಿಸಿ.

ಮರವೇ ಬೇಕೆಂದರೆ ಚೆನ್ನಾಗಿ ಒಣಗಿದ ಹಲಸಿನ ರೀಪು ಆಗಬಹುದು. ಅಗ್ಗದ ಪ್ಲೈವುಡ್ ಬೇಡ. ಇಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ, ಆ ತೇವಕ್ಕೆ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ಕಬ್ಬಿಣಕ್ಕೂ ರೆಡ್ ಆಕ್ಸೈಡ್ ಹೊಡೆದು ಮೇಲೆ ಪೈಂಟು ಕೊಡಿ. ಪೈಪಿನ ತುದಿ ತೆರೆದು ಬಿಡಬೇಡಿ. ನೀರು ಒಳಗೆ ನಿಂತು ಒಳಗಿಂದಲೇ ತುಕ್ಕು ತಿನ್ನುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ.

ಗಾಲಿಯ ವಿಷಯದಲ್ಲಿ ಭಾರಕ್ಕಿಂತ ಗಾತ್ರ ಮುಖ್ಯ. ಮೇಲಿನ ಲೆಕ್ಕದಲ್ಲಿ ಎರಡು ಗಾಲಿಗೆ ಸೇರಿ ಬರುವುದು ಬರೀ 36 ಕೆಜಿ, ಅದನ್ನು ಯಾವ ಗಾಲಿಯೂ ಹೊರುತ್ತದೆ. ಆದರೆ ಎರಡಿಂಚಿನ ಗಾಲಿ ಇಂಟರ್‌ಲಾಕಿನ ಸಂದಿಗೆ ಬಿದ್ದರೆ ಏಳುವುದಿಲ್ಲ. ನಾಲ್ಕಿಂಚಿನದು, ಸಾಧ್ಯವಾದರೆ ಐದಿಂಚಿನದು, ರಬ್ಬರ್ ಸುತ್ತಿದ್ದು ತೆಗೆದುಕೊಳ್ಳಿ. ಒಂದೇ ಬೋಲ್ಟಿನಲ್ಲಿ ನಿಲ್ಲುವ ಜಾತಿಯದು ಬೇಡ, ಅಡ್ಡ ಎಳೆತಕ್ಕೆ ಬಾಗುತ್ತದೆ. ನಾಲ್ಕು ತೂತಿನ ಪ್ಲೇಟ್ ಇರುವ ಕ್ಯಾಸ್ಟರ್ ಕೇಳಿ. ಎರಡೂ ಸುತ್ತ ತಿರುಗುವಂಥವೇ ಆಗಬೇಕು. ಸೈಡ್‌ಕಾರಿನ ಚಕ್ರ ತಿರುಗುವುದಿಲ್ಲ, ನೇರಕ್ಕೆ ಮಾತ್ರ ಉರುಳುತ್ತದೆ. ಅದರ ಜೊತೆ ಇನ್ನೊಂದು ನೇರ ಗಾಲಿ ಹಾಕಿದರೆ ತಿರುಗಿಸುವಾಗ ಎರಡಕ್ಕೂ ಜಗಳ, ಯಾವುದಾದರೂ ಒಂದು ನೆಲ ಉಜ್ಜಿಕೊಂಡೇ ಬರಬೇಕು. ಕ್ಯಾಸ್ಟರ್ ಪೂರ್ತಿ ಸುತ್ತು ಬರುವಾಗ ಬಾಡಿಗೆ ತಾಗದ ಹಾಗೆ ಜಾಗ ಬಿಟ್ಟಿದೆಯಾ ಎಂದು ಬೋಲ್ಟು ಬಿಗಿಯುವ ಮೊದಲೇ ತಿರುಗಿಸಿ ನೋಡಿ.

ಕಳಚುವಾಗ ಬೈಕ್ ಬೀಳದ ಹಾಗೆ ನೋಡಿಕೊಳ್ಳಿ. ಸೈಡ್‌ಕಾರ್ ಹಾಕಿದ ಬಹಳ ಬೈಕುಗಳಲ್ಲಿ ಸೈಡ್ ಸ್ಟ್ಯಾಂಡ್ ತೆಗೆದಿರುತ್ತಾರೆ. ಮೊದಲು ಗಾಲಿಯ ಸ್ಟ್ಯಾಂಡನ್ನು ಸೈಡ್‌ಕಾರಿನ ಫ್ರೇಮಿನ ಅಡಿಗೆ ತಂದು ಯು-ಬೋಲ್ಟು ಬಿಗಿಯಿರಿ. ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಇಲ್ಲವೇ ಒಬ್ಬರು ಹಿಡಿದಿರಲಿ. ಲೈಟಿನ ವಯರು ಬಿಡಿಸಿ, ಬ್ರೇಕ್ ಇದ್ದರೆ ಅದರದ್ದೂ. ಆಮೇಲೆ ಬೈಕನ್ನೂ ಸೈಡ್‌ಕಾರನ್ನೂ ಸೇರಿಸುವ ಮೇಲಿನ ಕಂಬಿ, ಕಡೆಗೆ ಕೆಳಗಿನ ಬೋಲ್ಟು. ಕಂಬಿಯನ್ನು ಕಳಚುವುದಷ್ಟೇ, ಅದರ ಉದ್ದ ಹೊಂದಿಸುವ ನಟ್ಟನ್ನು ಮುಟ್ಟಬೇಡಿ. ಕಂಬಿಯ ತಿರುಪಿನ ಎಳೆ ಎಷ್ಟು ಹೊರಗಿದೆ ಎನ್ನುವ ಕಡೆ ಪೈಂಟಿನಲ್ಲಿ ಒಂದು ಗುರುತು ಹಾಕಿ. ಇದು ಯಾಕೆ ಎಂದು ಕೆಳಗಿನ ಮೂರನೇ ಪ್ರಶ್ನೆ ಓದಿದರೆ ತಿಳಿಯುತ್ತದೆ.

ತಳ್ಳುವಾಗ ಬಾಡಿಯನ್ನು ತಳ್ಳಬೇಡಿ, ಫ್ರೇಮ್ ಹಿಡಿಯಿರಿ. ನಮ್ಮ ಕಡೆ ಮನೆ ಎಲ್ಲ ಗುಡ್ಡೆಯ ಬದಿಯಲ್ಲಿ. ಅಂಗಳ ಸಮ ಇದ್ದರೂ ಶೆಡ್‌ಗೆ ಹೋಗುವ ದಾರಿ ಇಳಿಜಾರು. ಅಂಥ ಕಡೆ ಮೇಲಿನ ಬದಿಯಿಂದ ಹಗ್ಗ ಕಟ್ಟಿ ಬಿಡುತ್ತಾ ಹೋಗಿ. ಕೆಳಗೆ ನಿಂತು ಎದೆ ಕೊಟ್ಟು ತಡೆಯುವ ಸಾಹಸ ಬೇಡವೇ ಬೇಡ. ಕ್ಯಾಸ್ಟರಿನ ಬ್ರೇಕು ಒದ್ದೆ ಸಿಮೆಂಟಿನ ಮೇಲೆ ಜಾರುತ್ತದೆ, ಹಾಗಾಗಿ ಸೈಡ್‌ಕಾರಿನ ದೊಡ್ಡ ಚಕ್ರಕ್ಕೆ ಮರದ ಆಪು, ಅಂದರೆ ಬೆಣೆ, ಕೊಡಿ. ಮಣ್ಣಿನ ಜಾಗ ಬಂದರೆ ಎರಡು ಹಲಗೆ ಹಾಸಿ. ನಿಮ್ಮ ದಬ್ಬೆಗೆ ಅಲ್ಲಿ ಕೆಲಸ ಸಿಗುತ್ತದೆ, ಒತ್ತಾಗಿ ಜೋಡಿಸಿ ಹಾಸಿದರೆ ಸಾಕು.

ಶೆಡ್ಡಿನಲ್ಲಿ ಟಾರ್ಪಲಿನ್ ಬಿಗಿದು ಸುತ್ತಬೇಡಿ. ಒಳಗೆ ಬೆವರಿ ತುಕ್ಕು ಹಿಡಿಯುತ್ತದೆ. ಮೇಲಿಂದ ಹೊದೆಸಿ, ಅಡಿಯಲ್ಲಿ ಗಾಳಿಯಾಡಲು ಬಿಡಿ. ಮಳೆಗಾಲ ಮುಗಿದು ತೆಗೆಯುವಾಗ ಮೂತಿಯೊಳಗೆ ನೇರ ಕೈ ಹಾಕಬೇಡಿ. ಇಲಿ ಗೂಡು ಕಟ್ಟಿರುತ್ತದೆ, ಇಲಿ ಇದ್ದಲ್ಲಿ ಹಾವೂ ಬರುತ್ತದೆ. ಕೋಲಿನಿಂದ ನಾಲ್ಕು ಸಲ ಬಡಿದು, ಟಾರ್ಚು ಹಾಕಿ ನೋಡಿ.

ಪ್ರಶ್ನೆ: ನಾನು ಉಪ್ಪಳದವನು. ನಮ್ಮ ಶೆಡ್ ಬಹಳ ಇಕ್ಕಟ್ಟು. ಸೈಡ್‌ಕಾರನ್ನು ಒಳಗೆ ತಂದ ಮೇಲೆ ಗೋಡೆಯ ಕಡೆಗೆ ಅಡ್ಡಕ್ಕೆ ಸರಿಸಬೇಕು. ಮೂರು ಗಾಲಿಯ ಸ್ಟ್ಯಾಂಡಿನಲ್ಲಿ ಅದು ಆಗುತ್ತದಾ?

ಉತ್ತರ: ಅದೊಂದರಲ್ಲೇ ಆಗುವುದಿಲ್ಲ, ಸೈಡ್‌ಕಾರಿನ ಚಕ್ರ ಅಡ್ಡಕ್ಕೆ ಉರುಳುವುದಿಲ್ಲವಲ್ಲ. ಆ ಚಕ್ರಕ್ಕೆ ಬೇರೆಯೇ ಒಂದು ಸಣ್ಣ ಚೌಕಟ್ಟು ಮಾಡಿ, ಮೂಲೆಗೊಂದರಂತೆ ನಾಲ್ಕು ತಿರುಗುವ ಗಾಲಿ ಹಾಕಿ. ನಡುವೆ ಹಲಗೆ ಹಾಕಬೇಡಿ. ಎರಡು ಅಡ್ಡ ಪೈಪು ಕೊಟ್ಟು ಟಯರು ಅವುಗಳ ನಡುವೆ ಇಳಿದು ಕೂರಲಿ, ಆಗ ಎತ್ತರ ಅಷ್ಟಾಗಿ ಏರುವುದಿಲ್ಲ, ಟಯರೂ ಹಿಂದೆ ಮುಂದೆ ಓಡುವುದಿಲ್ಲ. ಸಮತಟ್ಟಾದ ಸಿಮೆಂಟ್ ನೆಲ ಇದ್ದರೆ ಮಾತ್ರ ಇದು. ಎಲ್ಲ ಗಾಲಿಯೂ ತಿರುಗುವಂಥದ್ದಾದರೆ ನೆಲ ಎತ್ತ ವಾಲಿದೆಯೋ ಅತ್ತ ಅದೇ ಹೊರಡುತ್ತದೆ. ಚೌಕಟ್ಟನ್ನು ಶೆಡ್ಡಿನ ಒಳಗೇ ಇಟ್ಟುಕೊಂಡು, ಒಳಗೆ ಬಂದ ಮೇಲೆ ಚಕ್ರದ ಅಡಿಗೆ ಹಾಕಿ.

ಪ್ರಶ್ನೆ: ಮಳೆಗಾಲ ಮುಗಿದು ಸೈಡ್‌ಕಾರ್ ಮತ್ತೆ ಜೋಡಿಸಿದಾಗಿನಿಂದ ಬೈಕ್ ಎಡಕ್ಕೆ ಎಳೆಯುತ್ತದೆ. ಕುಂಬಳೆಯಿಂದ ಕಾಸರಗೋಡಿಗೆ ಹೋಗಿ ಬಂದರೆ ಭುಜ ನೋವು. ಬೋಲ್ಟುಗಳೆಲ್ಲ ಬಿಗಿಯಾಗಿವೆ.

ಉತ್ತರ: ಬೋಲ್ಟು ಬಿಗಿ ಇದೆ, ಅಳತೆ ತಪ್ಪಿದೆ. ಕಳಚುವಾಗ ಯಾರೋ ಕಂಬಿಯ ಉದ್ದ ಬದಲಿಸಿರಬೇಕು.

ಗ್ಯಾಸ್ ಕೊಟ್ಟಾಗ ಎಡಕ್ಕೆ, ಬ್ರೇಕ್ ಹಿಡಿದಾಗ ಬಲಕ್ಕೆ ಎಳೆಯುವುದು ಎಡಗಡೆ ಸೈಡ್‌ಕಾರಿನ ಸಹಜ ಗುಣ. ಅದನ್ನು ಸರಿ ಮಾಡಲು ಹೋಗಬೇಡಿ. ಒಂದೇ ವೇಗದಲ್ಲಿ ಹೋಗುವಾಗಲೂ ಎಳೆದರೆ ಮಾತ್ರ ಎರಡು ಅಳತೆ ನೋಡಬೇಕು. ಸಮ ನೆಲದಲ್ಲಿ ನಿಲ್ಲಿಸಿ, ಬೈಕಿನ ಎರಡೂ ಟಯರಿಗೆ ತಾಗುವ ಹಾಗೆ ಒಂದು ನೇರ ಅಲ್ಯೂಮಿನಿಯಂ ಪಟ್ಟಿ ಇಡಿ. ಮುಂದಿನ ಟಯರು ಸಣ್ಣದಾದರೆ ಪಟ್ಟಿಗೂ ಅದಕ್ಕೂ ನಡುವಿನ ಸಂದನ್ನು ಟಯರಿನ ಮುಂದೆಯೂ ಹಿಂದೆಯೂ ಸಮ ಮಾಡಿಕೊಳ್ಳಿ. ಸೈಡ್‌ಕಾರಿನ ಟಯರಿಗೆ ಇನ್ನೊಂದು ಪಟ್ಟಿ. ಎರಡು ಪಟ್ಟಿಗಳ ನಡುವಿನ ಅಂತರವನ್ನು ಬೈಕಿನ ಮುಂದಿನ ಚಕ್ರದ ಹತ್ತಿರ ಒಮ್ಮೆ, ಹಿಂದಿನದರ ಹತ್ತಿರ ಒಮ್ಮೆ ಅಳೆಯಿರಿ. ಮುಂದಿನದು 10ರಿಂದ 20 ಮಿ.ಮೀ. ಕಡಿಮೆ ಬಂದರೆ ಸರಿ. ಸಮ ಬಂದರೆ ಅಥವಾ ಮುಂದೆ ಅಗಲವಾಗಿದ್ದರೆ ನಿಮ್ಮ ಭುಜ ನೋವಿನ ಕಾರಣ ಸಿಕ್ಕಿತು. ಎಳೆತ ಹೋಗಲಿ ಎಂದು ಇದನ್ನೇ ಹೆಚ್ಚಿಸುತ್ತಾ ಹೋದರೆ ಟಯರು ಬೇಗ ಸವೆಯುತ್ತದೆ.

ಇನ್ನೊಂದು ಬೈಕಿನ ವಾಲು. ಹಿಂದಿನಿಂದ ನೋಡಿದರೆ ಬೈಕ್ ಸೈಡ್‌ಕಾರಿನಿಂದ ಆಚೆಗೆ, ಅಂದರೆ ಬಲಕ್ಕೆ, ಒಂದಿಷ್ಟು ವಾಲಿರಬೇಕು. ಮೇಲಿನ ಕಂಬಿ ಗಿಡ್ಡವಾಗಿದ್ದರೆ ಎಡಕ್ಕೆ ವಾಲುತ್ತದೆ, ಎಳೆಯುವುದೂ ಅತ್ತಲೇ. ಕಂಬಿಯನ್ನು ಅರ್ಧ ಸುತ್ತು ಬಿಟ್ಟು ಓಡಿಸಿ ನೋಡಿ, ಮತ್ತೆ ಅರ್ಧ ಸುತ್ತು. ಒಮ್ಮೆಗೆ ಒಂದೇ ಅಳತೆ ಬದಲಿಸಿ. ಅಳೆಯುವಾಗ ನಿಮ್ಮ ತೂಕದವರು ಬೈಕಿನ ಮೇಲೆ, ಸಾಮಾನ್ಯವಾಗಿ ಕೂರುವವರು ಸೈಡ್‌ಕಾರಿನಲ್ಲಿ ಕೂತಿರಲಿ, ಮೂರೂ ಟಯರಿನಲ್ಲಿ ಗಾಳಿ ಸರಿ ಇರಲಿ. ಓಡಿಸಿ ನೋಡುವಾಗ ರಸ್ತೆಯ ಅಂಚಿಗೆ ಹೋಗಬೇಡಿ. ಡಾಂಬರು ಅಲ್ಲಿ ಎಡಕ್ಕೆ ಇಳಿಜಾರಾಗಿರುತ್ತದೆ, ಸರಿ ಇರುವ ಬೈಕೂ ಅಲ್ಲಿ ಎಡಕ್ಕೇ ಎಳೆಯುತ್ತದೆ.