ರೇಡಿಯೊ ಅಲಾರಂ ಗಡಿಯಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ರೇಡಿಯೊ ಸಂಕೇತದಿಂದ ತಾನೇ ಸಮಯ ಹೊಂದಿಸಿಕೊಳ್ಳುವ ಅಲಾರಂ ಗಡಿಯಾರ ಕೊಂಡಿದ್ದೇನೆ. ಸೆಲ್ ಹಾಕಿದ ಮೇಲೆ ಪರದೆಯ ಮೇಲಿನ ಗೋಪುರದ ಚಿಹ್ನೆ ಸ್ವಲ್ಪ ಹೊತ್ತು ಮಿನುಗಿ ಮಾಯವಾಯಿತು, ಸಮಯ ಮಾತ್ರ ಬರಲಿಲ್ಲ. ಗಡಿಯಾರವೇ ಕೆಟ್ಟಿದೆಯೆ?

ಉತ್ತರ: ಕೆಟ್ಟಿರುವ ಸಾಧ್ಯತೆ ಕಡಿಮೆ. ಅಂಗಡಿಗೆ ವಾಪಸು ಹೋಗುವ ಗಡಿಯಾರಗಳಲ್ಲಿ ಬಹಳಷ್ಟು ಚೆನ್ನಾಗಿಯೇ ಇರುತ್ತವೆ, ಇಟ್ಟ ಜಾಗ ಸರಿಯಿರುವುದಿಲ್ಲ.

ಕಾರಣ ತಿಳಿಯಬೇಕಾದರೆ ಸಂಕೇತ ಎಷ್ಟು ನಿಧಾನವಾಗಿ ಬರುತ್ತದೆಂದು ನೋಡಬೇಕು. ಜರ್ಮನಿಯಲ್ಲಿ ಫ್ರಾಂಕ್‌ಫರ್ಟ್ ಬಳಿಯ ಮೈನ್‌ಫ್ಲಿಂಗೆನ್‌ನಿಂದ 77.5 ಕಿಲೋಹರ್ಟ್ಸ್‌ನಲ್ಲಿ ಬರುವ ಡಿಸಿಎಫ್77 ಸಂಕೇತವನ್ನೇ ತೆಗೆದುಕೊಳ್ಳಿ. ಸೆಕೆಂಡಿಗೊಮ್ಮೆ ಅದರ ಬಲ ಇಳಿಯುತ್ತದೆ. 0.1 ಸೆಕೆಂಡು ಇಳಿದರೆ ಸೊನ್ನೆ, 0.2 ಸೆಕೆಂಡು ಇಳಿದರೆ ಒಂದು. ನಿಮಿಷದ ಕೊನೆಯ ಸೆಕೆಂಡಿನಲ್ಲಿ ಮಾತ್ರ ಇಳಿಯುವುದಿಲ್ಲ, ಮುಂದಿನ ನಿಮಿಷ ಶುರುವಾಯಿತೆಂದು ಗಡಿಯಾರಕ್ಕೆ ಗೊತ್ತಾಗುವುದು ಅದರಿಂದಲೇ. ಗಂಟೆ, ನಿಮಿಷ, ದಿನಾಂಕ, ವಾರ ಎಲ್ಲವೂ ಸಿಗಬೇಕಾದರೆ ಇಡೀ ನಿಮಿಷ ತಪ್ಪಿಲ್ಲದೆ ಕೇಳಿಸಬೇಕು. ನಡುವೆ ಗದ್ದಲ ಬಂದರೆ ಆ ನಿಮಿಷ ವ್ಯರ್ಥ. ಸಾಲಾಗಿ ಎರಡು ಮೂರು ನಿಮಿಷಗಳ ಲೆಕ್ಕ ಒಂದಕ್ಕೊಂದು ತಾಳೆಯಾದ ಮೇಲಷ್ಟೇ ಸಾಮಾನ್ಯವಾಗಿ ಗಡಿಯಾರ ಅದನ್ನು ಒಪ್ಪಿಕೊಳ್ಳುತ್ತದೆ. ಎಲ್ಲ ಸರಿಯಿದ್ದಾಗ ಇದಕ್ಕೆ 3ರಿಂದ 10 ನಿಮಿಷ ಸಾಕು. ಅಷ್ಟರಲ್ಲಿ ಸಿಗದಿದ್ದರೆ ಸೆಲ್ ಉಳಿಸಲೆಂದು ಪ್ರಯತ್ನ ನಿಲ್ಲಿಸುತ್ತದೆ. ನೀವು ನೋಡಿದ್ದು ಅದನ್ನೇ.

ಮೊದಲು ಗಡಿಯಾರವನ್ನು ಟಿವಿ, ಕಂಪ್ಯೂಟರ್ ಪರದೆ, ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್‌ಗಳಿಂದ ಎರಡು ಮೀಟರ್ ದೂರ ಸರಿಸಿ. ಹಾಸಿಗೆಯ ಪಕ್ಕದ ಮೇಜಿನಲ್ಲಿ ಮುಖ್ಯ ಅಪರಾಧಿ ಚಾರ್ಜರ್. ಅದರೊಳಗಿನ ಸರ್ಕ್ಯೂಟು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಆಗುತ್ತ ಇದೇ ತರಂಗಾಂತರಗಳಲ್ಲಿ ಗದ್ದಲ ಎಬ್ಬಿಸುತ್ತದೆ. ಕಬ್ಬಿಣದ ಸರಳು ತುಂಬಿದ ಕಾಂಕ್ರೀಟ್ ಗೋಡೆಯೂ ಸಂಕೇತವನ್ನು ತಡೆಯುತ್ತದೆ, ಹಾಗಾಗಿ ಕಿಟಕಿಯ ಬಳಿ ಇಡಿ. ಲೋಹದ ಚೌಕಟ್ಟಿಗೆ ಮಾತ್ರ ತಾಗಿಸಬೇಡಿ.

ಆಮೇಲೆ ದಿಕ್ಕು. ಒಳಗಿನ ಆಂಟೆನಾ ಎಂದರೆ ತಂತಿ ಸುತ್ತಿದ ಸಣ್ಣ ಫೆರೈಟ್ ಸರಳು. ಅದರ ತುದಿ ಪ್ರಸಾರ ಕೇಂದ್ರದ ಕಡೆಗಿದ್ದರೆ ಏನೂ ಸಿಗದು, ಅಡ್ಡಲಾಗಿದ್ದರೆ ಚೆನ್ನಾಗಿ ಸಿಗುತ್ತದೆ. ಮೇಜಿನ ಗಡಿಯಾರಗಳಲ್ಲಿ ಸರಳು ಸಾಮಾನ್ಯವಾಗಿ ಮುಖಕ್ಕೆ ಸಮಾನಾಂತರವಾಗಿ ಮಲಗಿರುತ್ತದೆ. ಆದ್ದರಿಂದ ಮುಖವನ್ನೋ ಬೆನ್ನನ್ನೋ ಕೇಂದ್ರದ ಕಡೆ ತಿರುಗಿಸಿ. ಫಲಿಸದಿದ್ದರೆ ಕಾಲು ಸುತ್ತು ತಿರುಗಿಸಿ ನೋಡಿ.

ಈಗ ಸಂಕೇತ ಹುಡುಕುವ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿಹಿಡಿದು ಬಿಟ್ಟುಬಿಡಿ. ಗೋಪುರ ಮಿನುಗುತ್ತಿರುವಾಗ ಬೇರೆ ಗುಂಡಿ ಒತ್ತಬೇಡಿ. ಎಷ್ಟೋ ಮಾದರಿಗಳಲ್ಲಿ ಬೆಳಕಿನ ಗುಂಡಿ ಒತ್ತಿದರೂ ಹುಡುಕಾಟ ನಿಂತುಹೋಗುತ್ತದೆ. ಹಗಲಲ್ಲಿ ಸಿಗದಿದ್ದರೆ ಒಂದು ರಾತ್ರಿ ಅಲ್ಲೇ ಇರಲಿ. ಇರುಳಲ್ಲಿ ದೀರ್ಘ ತರಂಗಗಳು ಹೆಚ್ಚು ದೂರ ಬರುತ್ತವೆ, ಮನೆಯೊಳಗಿನ ವಿದ್ಯುತ್ ಗದ್ದಲವೂ ಕಡಿಮೆಯಾಗಿರುತ್ತದೆ. ಈ ಗಡಿಯಾರಗಳು ನಡುರಾತ್ರಿ ಕಳೆದ ಮೇಲೆ ತಾವಾಗಿಯೇ ಪ್ರಯತ್ನಿಸುವಂತೆ ಮಾಡಿರುವುದು ಅದಕ್ಕೇ. ಬೆಳಿಗ್ಗೆ ಗೋಪುರ ಮಿನುಗದೆ ಸ್ಥಿರವಾಗಿ ನಿಂತಿದ್ದರೆ ಕೆಲಸ ಆಯಿತೆಂದೇ ಅರ್ಥ.

ಪ್ರಶ್ನೆ: ನಿಮಿಷ, ಸೆಕೆಂಡು ಕರಾರುವಾಕ್ಕಾಗಿವೆ. ಆದರೆ ಗಂಟೆ ಮಾತ್ರ ಒಂದು ಹೆಚ್ಚು ತೋರಿಸುತ್ತಿದೆ.

ಉತ್ತರ: ಸಂಕೇತ ಸರಿಯಾಗಿ ಬಂದಿದೆ, ತಪ್ಪಿರುವುದು ಕಾಲವಲಯ. ಡಿಸಿಎಫ್77 ಕಳಿಸುವುದು ಮಧ್ಯ ಯುರೋಪಿನ ಸಮಯ. ಪೋರ್ಚುಗಲ್‌ನಲ್ಲಿ ಕಾಲವಲಯವನ್ನು ಮೈನಸ್ 1ಕ್ಕೆ, ಫಿನ್‌ಲೆಂಡಿನಲ್ಲಿ ಪ್ಲಸ್ 1ಕ್ಕೆ ಇಡಬೇಕು. ಅಮೆರಿಕದ ಡಬ್ಲ್ಯುಡಬ್ಲ್ಯುವಿಬಿ ಕೇಂದ್ರ ಕಳಿಸುವುದು ಸಾರ್ವತ್ರಿಕ ಕಾಲಮಾನ, ವಲಯವನ್ನು ನೀವೇ ಆರಿಸಬೇಕು. ಬೇಸಿಗೆಯಲ್ಲಿ ಒಂದು ಗಂಟೆ ಮುಂದಿಡುವ ಸೂಚನೆಯೂ ಅದರಲ್ಲಿ ಇರುತ್ತದೆ. ಆ ಪದ್ಧತಿಯಿಲ್ಲದ ಅರಿಜೋನಾದ ಬಹುಭಾಗದಲ್ಲಿ ಬೇಸಿಗೆ ಸಮಯದ ಆಯ್ಕೆಯನ್ನು ಆಫ್ ಮಾಡಬೇಕು. ಕೈಯಿಂದ ಗಂಟೆ ತಿದ್ದಬೇಡಿ, ಮುಂದಿನ ಸಂಕೇತ ಬಂದೊಡನೆ ಮತ್ತೆ ಹಳೆಯದಕ್ಕೇ ಹೋಗುತ್ತದೆ.

ಪ್ರಶ್ನೆ: ವಿದೇಶದಿಂದ ತಂದ ಇಂಥ ಗಡಿಯಾರ ಭಾರತದಲ್ಲಿ ನಡೆಯುತ್ತದೆಯೆ?

ಉತ್ತರ: ಗಡಿಯಾರವಾಗಿ ನಡೆಯುತ್ತದೆ, ರೇಡಿಯೊ ಗಡಿಯಾರವಾಗಿ ಅಲ್ಲ. ಇಂಥ ದೀರ್ಘ ತರಂಗದ ಕೇಂದ್ರಗಳು ಇರುವುದು ಜರ್ಮನಿ, ಬ್ರಿಟನ್, ಅಮೆರಿಕ, ಜಪಾನ್, ಚೀನಾದಂಥ ಕೆಲವೇ ದೇಶಗಳಲ್ಲಿ. ಜರ್ಮನಿಯದು ತಲುಪುವುದೇ ಸುಮಾರು 2000 ಕಿಲೋಮೀಟರ್. ಬ್ರಿಟನ್ನಿನ ಆಂಥಾರ್ನ್, ಅಮೆರಿಕದ ಫೋರ್ಟ್ ಕಾಲಿನ್ಸ್, ಜಪಾನಿನ ಕ್ಯೂಶು ಮೂರೂ 60 ಕಿಲೋಹರ್ಟ್ಸ್‌ನಲ್ಲಿದ್ದರೂ ಸಂಕೇತದ ರೀತಿ ಬೇರೆ ಬೇರೆ. ಒಂದಕ್ಕೆಂದೇ ಮಾಡಿದ ಗಡಿಯಾರಕ್ಕೆ ಇನ್ನೊಂದರದು ಅರ್ಥವಾಗದು.

ಕೊಳ್ಳುವ ಮುಂಚೆ ಎರಡು ವಿಷಯ ಕೇಳಿಕೊಳ್ಳಿ. ಸಂಕೇತ ಹುಡುಕುವುದನ್ನು ಪೂರ್ತಿ ಆಫ್ ಮಾಡಬಹುದೆ? ಇಲ್ಲದಿದ್ದರೆ ಪ್ರತಿ ರಾತ್ರಿ ಸಿಗದ ಸಂಕೇತಕ್ಕಾಗಿ ತಡಕಾಡಿ ಸೆಲ್ ಖಾಲಿ ಮಾಡುತ್ತದೆ. ಕೈಯಿಂದ ಗಂಟೆ-ನಿಮಿಷ ಕೂಡಿಸಲು ಬರುತ್ತದೆಯೆ? ಕಾಲವಲಯದ ಆಯ್ಕೆ ಎಷ್ಟೋ ಮಾದರಿಗಳಲ್ಲಿ ಪೂರ್ಣ ಗಂಟೆಗಳಲ್ಲೇ ಇರುವುದರಿಂದ ನಮ್ಮ ಐದೂವರೆ ಗಂಟೆಯ ವ್ಯತ್ಯಾಸ ಅದರಲ್ಲಿ ಕೂರುವುದಿಲ್ಲ.

ಪ್ರಶ್ನೆ: ಮುಳ್ಳಿನ ಗಡಿಯಾರಕ್ಕೆ ಸೆಲ್ ಹಾಕಿದ ಕೂಡಲೇ ಮುಳ್ಳುಗಳು ಗಿರಗಿರನೆ ತಿರುಗಿ 12ಕ್ಕೆ ಬಂದು ನಿಂತವು. ಕೈಯಿಂದ ಸರಿಸಬಹುದೆ?

ಉತ್ತರ: ಬೇಡ. ಎಣಿಕೆ ಶುರುಮಾಡುವ ನೆಲೆ ಅದು, ಕೆಲವು ಮಾದರಿಗಳಲ್ಲಿ 4 ಅಥವಾ 8 ಗಂಟೆಯೂ ಇರಬಹುದು. ಸಂಕೇತ ಸಿಕ್ಕ ಮೇಲೆ ಅಲ್ಲಿಂದ ಲೆಕ್ಕ ಹಾಕಿಯೇ ಸರಿಯಾದ ಸಮಯಕ್ಕೆ ಓಡುತ್ತವೆ. ಮುಳ್ಳು ಸರಿದಿದ್ದರೆ ಗಡಿಯಾರ ಯಾವತ್ತೂ ಅಷ್ಟೇ ಅಂತರದಲ್ಲಿ ತಪ್ಪು ತೋರಿಸುತ್ತದೆ. ಹಾಗಾಗಿದ್ದರೆ ಸೆಲ್ ತೆಗೆದು ಐದು ನಿಮಿಷ ಬಿಟ್ಟು ಹಾಕಿ, ರೀಸೆಟ್ ಒತ್ತಿ.

ಪ್ರಶ್ನೆ: ಬೆಳಿಗ್ಗೆ ಆರಕ್ಕೆಂದು ಇಟ್ಟ ಅಲಾರಂ ಹೊಡೆಯಲಿಲ್ಲ. ಸಮಯವಂತೂ ಸರಿಯಾಗಿಯೇ ಇತ್ತು.

ಉತ್ತರ: ರೇಡಿಯೊ ಸಂಕೇತ ಸಮಯವನ್ನಷ್ಟೇ ತಿದ್ದುತ್ತದೆ, ಅಲಾರಂ ಗೊಡವೆಗೆ ಹೋಗುವುದಿಲ್ಲ. 12 ಗಂಟೆಯ ಕ್ರಮದಲ್ಲಿ ಇಟ್ಟಿದ್ದರೆ ಸಂಜೆಯ ಆರಕ್ಕೆ ಇಟ್ಟಿರಬಹುದು. 24 ಗಂಟೆಯ ಕ್ರಮಕ್ಕೆ ಬದಲಿಸಿ 6:00 ಎಂದೇ ಇಡಿ. ಅಲಾರಂ ಹೊತ್ತು ಕೂಡಿಸುವುದೂ ಅದನ್ನು ಆನ್ ಮಾಡುವುದೂ ಹಲವು ಗಡಿಯಾರಗಳಲ್ಲಿ ಬೇರೆ ಬೇರೆ ಕೆಲಸ, ಪರದೆಯಲ್ಲಿ ಬೆಲ್ ಚಿಹ್ನೆ ಕಾಣದಿದ್ದರೆ ಅದು ಹೊಡೆಯುವುದಿಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ಮಾತ್ರ ಎಂಬ ಆಯ್ಕೆ ಆರಿಸಿದ್ದರೆ ಅಂದು ಯಾವ ವಾರವಿತ್ತೆಂದೂ ನೋಡಿ. ಸಮಯವನ್ನು ಕೈಯಿಂದ ಇಟ್ಟಿದ್ದರೆ ಇಸವಿಯನ್ನೂ ಪರೀಕ್ಷಿಸಿ. ಇಸವಿ ತಪ್ಪಿದರೆ ವಾರ ತಪ್ಪುತ್ತದೆ, ಭಾನುವಾರ ಹೊಡೆದು ಸೋಮವಾರ ಸುಮ್ಮನಿರಬಹುದು.

ಪ್ರಶ್ನೆ: ರೀಚಾರ್ಜ್ ಮಾಡುವ ಸೆಲ್ ಹಾಕಬಹುದೆ?

ಉತ್ತರ: ಹಾಕದಿರುವುದು ಲೇಸು. ಅವು ಕೊಡುವುದು 1.2 ವೋಲ್ಟ್, ಗಡಿಯಾರ ಎದುರುನೋಡುವುದು 1.5. ಪರದೆ ಮಂಕಾಗುತ್ತದೆ, ರಿಸೀವರ್ ಬೇಗ ಸೋಲುತ್ತದೆ. ಹೊಸ ಆಲ್ಕಲೈನ್ ಸೆಲ್ ಹಾಕಿ. ಎರಡು ಬೇಕಿದ್ದರೆ ಎರಡನ್ನೂ ಒಟ್ಟಿಗೇ ಬದಲಿಸಿ.

ಪ್ರಶ್ನೆ: ಮೂರು ದಿನದಿಂದ ಸಂಕೇತ ಬಂದಿಲ್ಲ. ಅಲಾರಂ ನಂಬಬಹುದೆ?

ಉತ್ತರ: ಧಾರಾಳವಾಗಿ. ಸಂಕೇತವಿಲ್ಲದಾಗ ಅದು ಮಾಮೂಲಿ ಕ್ವಾರ್ಟ್ಸ್ ಗಡಿಯಾರ, ದಿನಕ್ಕೆ ಅರ್ಧ ಸೆಕೆಂಡಿನಷ್ಟು ಅತ್ತಿತ್ತ ಆಗಬಹುದು. ದುರಸ್ತಿಗೆಂದು ಪ್ರಸಾರ ಕೇಂದ್ರಗಳೂ ಆಗಾಗ ಕೆಲವು ಗಂಟೆ ನಿಲ್ಲುತ್ತವೆ. ವಾರ ಕಳೆದರೂ ಗೋಪುರದ ಚಿಹ್ನೆ ಬರದಿದ್ದರೆ ಇತ್ತೀಚೆಗೆ ಅದರ ಪಕ್ಕಕ್ಕೆ ಹೊಸ ದೀಪವೋ ಚಾರ್ಜರೋ ಬಂದಿದೆಯೆ ನೋಡಿ.